ಸ್ಕ್ರೀನ್ ಪ್ರಿಂಟಿಂಗ್: ಹಣ ಹಾಕಬೇಕಾದದ್ದು ಎಲ್ಲಿ?

ಮಾನ್ಯ ಸಂಪಾದಕರೇ,

ಸ್ವಉದ್ಯೋಗದ ಪುಟಗಳಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಬಗ್ಗೆ ಬರುವ ಬರಹಗಳು ಸಾಮಾನ್ಯವಾಗಿ ಕಡಿಮೆ ಬಂಡವಾಳ, ಚಿಕ್ಕ ಜಾಗ, ಬೇಗ ಕಲಿಯಬಹುದಾದ ಕೆಲಸ ಎಂಬ ಮೂರು ಮಾತುಗಳಲ್ಲಿ ಮುಗಿದುಬಿಡುತ್ತವೆ. ಮೂರೂ ಸುಳ್ಳಲ್ಲ. ಆದರೆ ಆ ಬಂಡವಾಳವನ್ನು ಯಾವ ಉಪಕರಣಕ್ಕೆ ಹಾಕಬೇಕು, ಯಾವುದಕ್ಕೆ ಹಾಕಬಾರದು ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಸಿಗುವುದಿಲ್ಲ. ಜಾಲರಿ ಬಿಗಿದ ಫ್ರೇಮಿನ, ಅಂದರೆ ಸ್ಕ್ರೀನಿನ, ಮೂಲಕ ಶಾಯಿ ಇಳಿಸಿ ಬಟ್ಟೆಯ ಮೇಲೆ ಮುದ್ರಿಸುವ ಈ ವೃತ್ತಿಯಲ್ಲಿ ಬಹಳ ಕಾಲದಿಂದ ಇದ್ದು, ಹೊಸಬರಿಗೆ ಕೆಲಸ ಕಲಿಸುತ್ತಲೂ ಬಂದಿರುವ ನನಗೆ ಈ ಮೌನ ದೊಡ್ಡ ಕೊರತೆಯಾಗಿ ಕಾಣುತ್ತದೆ. ಒಳ್ಳೆಯ ಕೈಚಳಕವಿದ್ದ ಎಷ್ಟೋ ಯುವಕ ಯುವತಿಯರು ಕೇವಲ ತಪ್ಪು ಉಪಕರಣ ಕೊಂಡ ಕಾರಣಕ್ಕೆ ಅಂಗಡಿ ಮುಚ್ಚಿದ್ದನ್ನು ನೋಡಿದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ.

ಅಂಗಡಿ ಹಾಕಲು ಹೊರಟವರ ಕಣ್ಣಿಗೆ ಮೊದಲು ಬೀಳುವುದು ಮುದ್ರಣ ಯಂತ್ರ. ಒಂದೊಂದು ಬಣ್ಣದ ಸ್ಕ್ರೀನನ್ನು ಹಿಡಿಯಲು ಒಂದೊಂದು ತೋಳು; ನಾಲ್ಕು ತೋಳು, ಆರು ತೋಳು, ಎಂಟು ತೋಳು ಎಂದು ಲೆಕ್ಕ ಏರುತ್ತ ಹೋದಂತೆ ಕೊಳ್ಳುವವರ ಆಸೆಯೂ ಏರುತ್ತದೆ. ಕೈಯಲ್ಲಿರುವ ಹಣದ ಬಹುಭಾಗ ಅಲ್ಲಿಗೇ ಹೋಗಿ, ಫ್ರೇಮುಗಳು, ಸ್ಕ್ರೀನಿಗೆ ಬೆಳಕು ತೋರಿಸುವ ಪೆಟ್ಟಿಗೆ, ಶಾಯಿಯನ್ನು ಕಾಯಿಸುವ ಡ್ರೈಯರ್ ಎಲ್ಲವೂ ಉಳಿದ ಚೂರುಪಾರಿನಲ್ಲಿ ಬರಬೇಕಾಗುತ್ತದೆ. ನಾನು ಕಂಡ ಹಾಳಾದ ಮುದ್ರಣಗಳಲ್ಲಿ ಹೆಚ್ಚಿನವು ಯಂತ್ರದ ಮೇಲೆ ಕೆಟ್ಟವಲ್ಲ. ಅವು ಅದಕ್ಕೂ ಮೊದಲು ಸ್ಕ್ರೀನ್ ತಯಾರಿಸುವ ಕೋಣೆಯಲ್ಲಿ ಕೆಟ್ಟಿದ್ದವು, ಇಲ್ಲವೇ ಅದಾದ ಮೇಲೆ ಡ್ರೈಯರಿನೊಳಗೆ ಕೆಟ್ಟವು. ಹಾಗಾಗಿ ಹಣ ಮೊದಲು ಹೋಗಬೇಕಾದದ್ದು ಈ ಎರಡು ತುದಿಗಳಿಗೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಡ್ರೈಯರಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಗ್ರಾಹಕ ಅಂಗಡಿಗೆ ಮತ್ತೆ ಬರುತ್ತಾನೋ ಇಲ್ಲವೋ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. ಟೀ ಶರ್ಟ್ ಮುದ್ರಣದಲ್ಲಿ ಹೆಚ್ಚಾಗಿ ಬಳಸುವ ಪ್ಲಾಸ್ಟಿಸಾಲ್ ಶಾಯಿ ಗಾಳಿಗೆ ಒಣಗುವಂಥದ್ದಲ್ಲ. ಅದು ಪ್ಲಾಸ್ಟಿಸೈಸರ್ ಎಂಬ ದ್ರವದಲ್ಲಿ ತೇಲುತ್ತಿರುವ ಪಿವಿಸಿ ಕಣಗಳ ಮಿಶ್ರಣ. ಬಿಸಿ ತಾಗಿದಾಗ ಕಣಗಳು ಆ ದ್ರವವನ್ನು ಹೀರಿ ಉಬ್ಬಿ, ಒಂದಕ್ಕೊಂದು ಬೆಸೆದುಕೊಂಡು, ನೂಲನ್ನು ಹಿಡಿದುಕೊಂಡ ಪದರವಾಗುತ್ತವೆ. ಸಾಮಾನ್ಯ ಪ್ಲಾಸ್ಟಿಸಾಲ್‌ನಲ್ಲಿ ಇದು ಪೂರ್ಣಗೊಳ್ಳಲು ಶಾಯಿಯ ಪದರ ಮೇಲಿಂದ ಬುಡದವರೆಗೆ ಸುಮಾರು 160 ಡಿಗ್ರಿ ಸೆಲ್ಸಿಯಸ್ ತಲುಪಬೇಕು. ಅದಕ್ಕಿಂತ ಎಷ್ಟೋ ಕೆಳಗೇ ಶಾಯಿ ಮುಟ್ಟಿದರೆ ಅಂಟದ ಸ್ಥಿತಿಗೆ ಬಂದುಬಿಡುವುದರಿಂದ ಹೊಸಬರು ಮೋಸಹೋಗುತ್ತಾರೆ. ಅಂಗಡಿಯಿಂದ ಹೊರಡುವಾಗ ಮುದ್ರಣ ಚೆನ್ನಾಗಿಯೇ ಇರುತ್ತದೆ. ಕೆಲವು ಸಲ ಒಗೆದ ಮೇಲೆ ಬಿರುಕು ಬಿಟ್ಟು ಉದುರತೊಡಗುತ್ತದೆ. ಅಷ್ಟು ಹೊತ್ತಿಗೆ ಇಡೀ ಆರ್ಡರ್ ಹಂಚಿಕೆಯಾಗಿರುತ್ತದೆ, ಸರಿಪಡಿಸುವ ದಾರಿಯಿರುವುದಿಲ್ಲ.

ಆದ್ದರಿಂದ ಹೀಟ್ ಗನ್ನನ್ನೋ ಇಸ್ತ್ರಿ ಪೆಟ್ಟಿಗೆಯನ್ನೋ ನಂಬಿ ವ್ಯಾಪಾರ ಆರಂಭಿಸುವುದನ್ನು ನಾನು ಅತ್ಯಂತ ಕೆಟ್ಟ ಆಯ್ಕೆಗಳ ಸಾಲಿಗೆ ಸೇರಿಸುತ್ತೇನೆ. ಹೀಟ್ ಗನ್ ಒಂದು ಕಡೆ ಬಟ್ಟೆಯನ್ನು ಸುಡುವಾಗ ಅದರ ಪಕ್ಕದ ಜಾಗ ಹಸಿಯಾಗಿಯೇ ಉಳಿಯುತ್ತದೆ. ಬಟ್ಟೆಯನ್ನು ಚಲಿಸುವ ಬೆಲ್ಟಿನ ಮೇಲೆ ಬಿಸಿಗೂಡಿನೊಳಗೆ ಹಾಯಿಸುವ ಬೆಲ್ಟ್ ಡ್ರೈಯರ್ ಕೊಳ್ಳುವ ಶಕ್ತಿ ಇನ್ನೂ ಇಲ್ಲದವರಿಗೆ, ಬಿಸಿ ಫಲಕದಿಂದ ಒತ್ತುವ ಹೀಟ್ ಪ್ರೆಸ್ ಗೌರವದ ದಾರಿ: ಶಾಯಿಯನ್ನು ಮೊದಲು ಮೇಲಿಂದ ಸ್ವಲ್ಪ ಹೊತ್ತು ಬಿಸಿ ಕೊಡುವ ಫ್ಲ್ಯಾಶ್ ಯಂತ್ರದ ಕೆಳಗೆ ಅಂಟದಷ್ಟು ಕಾಯಿಸಿ, ಮೇಲೆ ಸಿಲಿಕೋನ್ ಲೇಪದ ಕಾಗದ ಹಾಕಿ ಒತ್ತಿದರೆ ಅದು ಸಮನಾಗಿ ಕಾಯುತ್ತದೆ. ವೇಗ ಕಡಿಮೆ, ಮುದ್ರಣದ ಮೇಲ್ಮೈ ಸ್ವಲ್ಪ ನುಣುಪಾಗುತ್ತದೆ ಎಂಬುದನ್ನು ಬಿಟ್ಟರೆ ಸಣ್ಣ ಆರ್ಡರುಗಳಿಗೆ ಅದು ಸಾಕು. ಬೆಲ್ಟ್ ಡ್ರೈಯರ್ ಕೊಳ್ಳುವವರು ಬೆಲ್ಟಿನ ಅಗಲಕ್ಕಿಂತ ಬಿಸಿಯ ಗೂಡಿನ ಉದ್ದವನ್ನು ಮೊದಲು ನೋಡಬೇಕು. ಬಟ್ಟೆ ಎಷ್ಟು ಹೊತ್ತು ಬಿಸಿಯಲ್ಲಿರುತ್ತದೆ ಎಂಬುದನ್ನು ನಿರ್ಧರಿಸುವುದು ಗೂಡಿನ ಉದ್ದ ಮತ್ತು ಬೆಲ್ಟಿನ ವೇಗ. ನೀರು ಆಧಾರಿತ ಶಾಯಿ ಬಳಸುವ ಯೋಚನೆಯಿದ್ದರೆ ಒಳಗೆ ಬಿಸಿಗಾಳಿ ಸುತ್ತುವ ವ್ಯವಸ್ಥೆ ಇರಲೇಬೇಕು. ಮೊದಲು ನೀರು ಆವಿಯಾಗಿ ಹೋಗಬೇಕು, ಆಮೇಲಷ್ಟೇ ಬಣ್ಣವನ್ನು ಹಿಡಿದಿಡುವ ಅಂಟು ಗಟ್ಟಿಯಾಗುತ್ತದೆ. ಬರೀ ಇನ್ಫ್ರಾರೆಡ್ ಫಲಕಗಳಿರುವ ಗಿಡ್ಡ ಡ್ರೈಯರಿನಲ್ಲಿ ಅದಕ್ಕೆ ಬೇಕಾದಷ್ಟು ಸಮಯ ಸಿಗುವುದಿಲ್ಲ.

ಹೆಚ್ಚು ಬಿಸಿಯೂ ಅಪಾಯವೇ. ಕೆಂಪು ಪಾಲಿಯೆಸ್ಟರ್ ಬಟ್ಟೆಯ ಮೇಲೆ ಬಿಳಿ ಶಾಯಿ ಮುದ್ರಿಸಿ ಬಿಸಿ ಹೆಚ್ಚು ಕೊಟ್ಟರೆ ಬಟ್ಟೆಯ ಬಣ್ಣವೇ ಶಾಯಿಯೊಳಗೆ ಏರಿ ಬಿಳಿ ಅಕ್ಷರಗಳು ಗುಲಾಬಿಯಾಗುತ್ತವೆ, ಕೆಲವೊಮ್ಮೆ ಮುದ್ರಿಸಿದ ಮರುದಿನ. ಅದಕ್ಕಾಗಿಯೇ ಸುಮಾರು 130 ಡಿಗ್ರಿಯಲ್ಲಿ ಬೆಸೆದುಕೊಳ್ಳುವ ಶಾಯಿಗಳು ಬಂದಿವೆ. ಆದರೆ ಡ್ರೈಯರಿನ ನಿಜವಾದ ಬಿಸಿ ಎಷ್ಟೆಂದು ಗೊತ್ತಿಲ್ಲದ ಅಂಗಡಿಯಲ್ಲಿ ಆ ಶಾಯಿಯಿಂದಲೂ ಪ್ರಯೋಜನವಿಲ್ಲ.

ಬಿಸಿ ಅಳೆಯುವ ಸಾಧನವನ್ನು ನಾನು ಅತ್ಯುತ್ತಮ ಖರೀದಿಗಳಲ್ಲಿ ಒಂದೆಂದು ಹೇಳುವುದು ಇದೇ ಕಾರಣಕ್ಕೆ. ಡ್ರೈಯರಿನ ಮುಖದ ಮೇಲೆ ಕಾಣುವ ಅಂಕಿ ಗೂಡಿನ ಬಿಸಿಯದು, ಶಾಯಿಯದಲ್ಲ. ಗುರಿಯಿಟ್ಟು ನೋಡುವ ಇನ್ಫ್ರಾರೆಡ್ ಥರ್ಮಾಮೀಟರ್ ಶಾಯಿಯ ಮೇಲ್ಮೈಯನ್ನು ಮಾತ್ರ ಓದುತ್ತದೆ. ಬುಡದಲ್ಲಿ ಏನಾಗಿದೆ ಎಂದು ಅದು ತಿಳಿಸಲಾರದು. ಶಾಯಿಯ ಪದರದ ಒಳಗೇ ಇಟ್ಟು ಬೆಲ್ಟಿನ ಜೊತೆ ಕಳಿಸಬಹುದಾದ ತಂತಿಯ ಥರ್ಮೋಕಪಲ್ ನಿಜವನ್ನು ಹೇಳುತ್ತದೆ. ತೇವ ಹೀರಿಕೊಂಡ ಹತ್ತಿ ಬಟ್ಟೆ ಮೊದಲು ಆ ತೇವವನ್ನು ಕಳೆದುಕೊಳ್ಳುವುದರಲ್ಲೇ ಬಿಸಿಯನ್ನು ಖರ್ಚುಮಾಡುವುದರಿಂದ, ಬೇಸಿಗೆಯಲ್ಲಿ ಸರಿಯಿದ್ದ ವೇಗ ಮಳೆಗಾಲದಲ್ಲಿ ಸರಿಯಿರುವುದಿಲ್ಲ ಎಂಬುದನ್ನೂ ಅದೇ ತೋರಿಸಿಕೊಡುತ್ತದೆ. ಡ್ರೈಯರಿನ ಬೆಲೆಯ ಎದುರು ಈ ಸಾಧನದ ಬೆಲೆ ಲೆಕ್ಕಕ್ಕೇ ಬರುವುದಿಲ್ಲ. ಹಾಗಿದ್ದೂ ಹೆಚ್ಚಿನ ಅಂಗಡಿಗಳಲ್ಲಿ ಅದು ಇರುವುದಿಲ್ಲ ಎನ್ನುವುದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ಇನ್ನು ಸ್ಕ್ರೀನ್ ತಯಾರಿಸುವ ಕೋಣೆ. ಮರದ ಫ್ರೇಮು ಅಗ್ಗ, ಆದರೆ ಪ್ರತಿ ಸಲ ತೊಳೆದಾಗಲೂ ನೀರು ಕುಡಿದು ಕ್ರಮೇಣ ಸೊಟ್ಟಗಾಗುತ್ತದೆ. ನಾಲ್ಕು ಬಣ್ಣದ ಕೆಲಸದಲ್ಲಿ ಒಂದು ಫ್ರೇಮು ಕೂದಲೆಳೆಯಷ್ಟು ತಿರುಚಿಕೊಂಡರೂ ಬಣ್ಣಗಳು ಒಂದರ ಮೇಲೊಂದು ಕೂರುವುದಿಲ್ಲ. ಅಲ್ಯೂಮಿನಿಯಂ ಫ್ರೇಮುಗಳಿಗೆ ಹರಿದ ಜಾಲರಿಯನ್ನು ತೆಗೆದು ಹೊಸದನ್ನು ಬಿಗಿಸಿ ವರ್ಷಗಟ್ಟಲೆ ಬಳಸಬಹುದು. ಜಾಲರಿಯ ಬಿಗಿತವನ್ನು ಸೆಂಟಿಮೀಟರಿಗೆ ಇಷ್ಟು ನ್ಯೂಟನ್ ಎಂದು ಅಳೆಯುತ್ತಾರೆ. ಹೊಸದಾಗಿ ಬಿಗಿದ ಒಳ್ಳೆಯ ಸ್ಕ್ರೀನಿನಲ್ಲಿ ಅದು 20ರಿಂದ 25ರ ಆಸುಪಾಸಿನಲ್ಲಿ ಇರುತ್ತದೆ, ಬಳಸಿದಂತೆ ಇಳಿಯುತ್ತದೆ. ಸಡಿಲ ಜಾಲರಿ, ಶಾಯಿಯನ್ನು ಎಳೆದು ಒತ್ತುವ ರಬ್ಬರ್ ಪಟ್ಟಿಯಾದ ಸ್ಕ್ವೀಜಿ ಹಾದುಹೋದ ಮೇಲೂ ಶಾಯಿಗೆ ಅಂಟಿಕೊಂಡೇ ಇರುತ್ತದೆ. ಅದನ್ನು ಬಿಡಿಸಲು ಸ್ಕ್ರೀನಿಗೂ ಬಟ್ಟೆಗೂ ನಡುವಿನ ಅಂತರವನ್ನು ಎರಡು ಮೂರು ಮಿಲಿಮೀಟರಿಗಿಂತ ಹೆಚ್ಚಿಸುತ್ತಾರೆ. ಅಂತರ ಹೆಚ್ಚಿದಂತೆ ಜಾಲರಿ ಎಳೆದಾಡಿ ಚಿತ್ರ ಸರಿಯುತ್ತದೆ, ಕೊನೆಗೆ ಯಂತ್ರವೇ ಸರಿಯಿಲ್ಲ ಎಂದು ಬೈಯುತ್ತಾರೆ. ಫ್ರೇಮುಗಳ ಸಂಖ್ಯೆಯ ಬಗ್ಗೆಯೂ ಜಿಪುಣತನ ಬೇಡ. ದಪ್ಪ ಬಿಳಿ ಶಾಯಿಗೆ ಇಂಚಿಗೆ 110 ಎಳೆಯ ಜಾಲರಿ, ಸಣ್ಣ ಚುಕ್ಕೆಗಳ ಚಿತ್ರಕ್ಕೆ 230 ಎಳೆಯದು, ನಡುವಿನ ಕೆಲಸಗಳಿಗೆ 156ರದು ಹೀಗೆ ಬೇರೆ ಬೇರೆ ಬೇಕಾಗುತ್ತದೆ. ಒಂದೇ ಜಾಲರಿಯಲ್ಲಿ ಎಲ್ಲವನ್ನೂ ಮುಗಿಸಲು ಹೋದವರ ಮುದ್ರಣ ಒಂದೋ ದಪ್ಪಗೆ ಹರಡುತ್ತದೆ, ಇಲ್ಲವೇ ತೆಳ್ಳಗೆ ಮಾಸಲಾಗುತ್ತದೆ.

ಬೆಳಕಿನ ಪೆಟ್ಟಿಗೆ, ಅಂದರೆ ಎಕ್ಸ್‌ಪೋಸಿಂಗ್ ಯೂನಿಟ್, ಕೊಳ್ಳುವಾಗ ಎರಡು ಸಂಗತಿ ಮುಖ್ಯ. ಜಾಲರಿಗೆ ಬಳಿಯುವ, ಬೆಳಕು ಬಿದ್ದಲ್ಲಿ ಗಟ್ಟಿಯಾಗುವ ಎಮಲ್ಷನ್ನಿಗೆ ಬೇಕಾದದ್ದು ಸುಮಾರು 350ರಿಂದ 420 ನ್ಯಾನೋಮೀಟರ್ ನಡುವಿನ ನೇರಳೆ, ಅತಿನೇರಳೆ ಬೆಳಕು. ಕಣ್ಣಿಗೆ ಪ್ರಖರವಾಗಿ ಕಾಣುವ ಸಾಧಾರಣ ಬಿಳಿ ದೀಪದಲ್ಲಿ ಅದು ಅಷ್ಟಾಗಿ ಇರುವುದಿಲ್ಲ. ಎರಡನೆಯದು, ಚಿತ್ರವನ್ನು ಕಪ್ಪಾಗಿ ಮುದ್ರಿಸಿದ ಪಾರದರ್ಶಕ ಹಾಳೆಯಾದ ಫಿಲ್ಮು ಮತ್ತು ಸ್ಕ್ರೀನಿನ ನಡುವೆ ಗಾಳಿ ಉಳಿಯದಂತೆ ಒತ್ತಿಹಿಡಿಯುವ ವ್ಯಾಕ್ಯೂಮ್ ಮುಚ್ಚಳ. ಒತ್ತು ಸಡಿಲವಾದಲ್ಲಿ ಬೆಳಕು ಫಿಲ್ಮಿನ ಅಂಚಿನಡಿ ನುಸುಳಿ ಸಣ್ಣ ಗೆರೆಗಳನ್ನು ತಿಂದುಹಾಕುತ್ತದೆ. ಇದರ ಜೊತೆಗೆ ಬೆಳಕಿನ ಸಮಯವನ್ನು ಪರೀಕ್ಷಿಸುವ ಮೆಟ್ಟಿಲು ಪಟ್ಟಿಯ ಒಂದು ಫಿಲ್ಮು ತೆಗೆದುಕೊಂಡರೆ ಊಹೆಯ ಕೆಲಸ ತಪ್ಪುತ್ತದೆ. ಸಾಕಷ್ಟು ಬೆಳಕು ಕಾಣದ ಎಮಲ್ಷನ್ ಮುದ್ರಣದ ಮಧ್ಯದಲ್ಲೇ ಕಳಚಿ ತೂತು ಬೀಳುತ್ತದೆ. ಹೆಚ್ಚು ಬೆಳಕು ಕಂಡರೆ ಸಣ್ಣ ವಿವರಗಳು ತೊಳೆದಾಗ ಬಿಡಿಸಿಕೊಳ್ಳುವುದೇ ಇಲ್ಲ. ಫಿಲ್ಮಿಗೆ ಲೇಸರ್ ಪ್ರಿಂಟರ್ ಸಾಕು ಎನ್ನುವವರು ಅದರ ಬಿಸಿಗೆ ಹಾಳೆ ಸ್ವಲ್ಪ ಕುಗ್ಗುತ್ತದೆ ಎಂಬುದನ್ನು ಗಮನಿಸಬೇಕು. ಒಂದು ಬಣ್ಣದ ಕೆಲಸಕ್ಕೆ ಅಡ್ಡಿಯಿಲ್ಲ; ಬಣ್ಣಕ್ಕೆ ಬಣ್ಣ ತಾಗಬೇಕಾದ ಕೆಲಸಕ್ಕೆ ಗಾಢ ಕಪ್ಪು ಕೊಡುವ ಇಂಕ್‌ಜೆಟ್ಟೇ ಸರಿ.

ಸ್ಕ್ವೀಜಿಯ ರಬ್ಬರನ್ನು ಯಾರೂ ಉಪಕರಣವೆಂದು ಎಣಿಸುವುದೇ ಇಲ್ಲ. ಅಂಚು ದುಂಡಗಾದ ರಬ್ಬರು ಶಾಯಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಇಳಿಸಿ ಗೆರೆಗಳನ್ನು ಹರಡುತ್ತದೆ. ಸಾಮಾನ್ಯ ಕೆಲಸಕ್ಕೆ 70 ಡ್ಯೂರೋಮೀಟರ್ ಗಡಸುತನದ್ದು, ಸೂಕ್ಷ್ಮ ಕೆಲಸಕ್ಕೆ ಅದಕ್ಕಿಂತ ಗಡಸಾದದ್ದು ಇಟ್ಟುಕೊಂಡು, ಅಂಚು ಸವೆದ ಕೂಡಲೇ ಹರಿತಗೊಳಿಸಬೇಕು ಅಥವಾ ಬದಲಿಸಬೇಕು.

ಯಂತ್ರದ ಮಾತಿಗೆ ಬಂದರೆ, ಆರು ತೋಳಿಗೆ ಬಟ್ಟೆ ಹಾಸುವ ಹಲಗೆ ಒಂದೇ ಇರುವ ಮೇಜಿನ ಮೇಲಿನ ಸಣ್ಣ ಯಂತ್ರ ಹೊಸಬರ ಪಾಲಿಗೆ ಅತ್ಯಂತ ನಿರಾಶೆಯ ಖರೀದಿ. ಒಂದು ಬಣ್ಣವನ್ನು ಫ್ಲ್ಯಾಶ್ ಮಾಡುವಷ್ಟು ಹೊತ್ತೂ ಇಡೀ ಕೆಲಸ ನಿಂತಿರುತ್ತದೆ, ತೆಳುವಾದ ಸಂದುಗಳು ಬೇಗ ಅಲುಗಾಡತೊಡಗುತ್ತವೆ. ಅದೇ ಹಣಕ್ಕೆ ತೋಳುಗಳು ಕಡಿಮೆಯಿದ್ದು ನಾಲ್ಕು ಹಲಗೆಗಳಿರುವ, ಪ್ರತಿ ತೋಳಿಗೂ ಸ್ಕ್ರೂ ತಿರುಗಿಸಿ ಸೂಕ್ಷ್ಮವಾಗಿ ಹೊಂದಿಸುವ ಸೌಲಭ್ಯವಿರುವ ಹಳೆಯ ಗಟ್ಟಿ ಯಂತ್ರ ಸಿಕ್ಕರೆ ಯೋಚಿಸದೆ ತೆಗೆದುಕೊಳ್ಳಬಹುದು. ಹೆಚ್ಚಿನ ಆರ್ಡರುಗಳು ಒಂದೆರಡು ಬಣ್ಣದವೇ ಆಗಿರುತ್ತವೆ. ಸ್ವಯಂಚಾಲಿತ ಯಂತ್ರಕ್ಕೆ ಹಾರುವವರು ಅದರ ಹಿಂದೆ ಬರುವ ಏರ್ ಕಂಪ್ರೆಸರ್, ಗಾಳಿಯ ತೇವ ತೆಗೆಯುವ ಡ್ರೈಯರ್, ತ್ರೀ ಫೇಸ್ ವಿದ್ಯುತ್ತು, ನೆಲದ ಬಲ ಎಲ್ಲವನ್ನೂ ಮೊದಲೇ ಲೆಕ್ಕ ಹಾಕಬೇಕು. ಅದರ ವೇಗಕ್ಕೆ ತಕ್ಕ ಬೆಲ್ಟ್ ಡ್ರೈಯರ್ ಇಲ್ಲದಿದ್ದರೆ ಮುದ್ರಿಸಿದ ಬಟ್ಟೆ ರಾಶಿ ಬೀಳುತ್ತದೆ ಅಷ್ಟೇ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿರುವುದು "ಎಲ್ಲವೂ ಒಳಗೊಂಡ ಸೆಟ್" ಎಂದು ಮಾರುವ ಪದ್ಧತಿ. ಅದರಲ್ಲಿ ಕಣ್ಣಿಗೆ ಕಾಣುವ ಯಂತ್ರವಿರುತ್ತದೆ, ಬಣ್ಣ ಬಣ್ಣದ ಶಾಯಿಯ ಡಬ್ಬಿಗಳಿರುತ್ತವೆ. ಫಲಿತಾಂಶವನ್ನು ನಿರ್ಧರಿಸುವ ಡ್ರೈಯರ್, ಬೆಳಕಿನ ಪೆಟ್ಟಿಗೆ, ಫ್ರೇಮುಗಳು ಮಾತ್ರ ಅತ್ಯಂತ ಕೆಳದರ್ಜೆಯವಾಗಿರುತ್ತವೆ. ಕೊಳ್ಳುವವರು ಸಾಲ ಮಾಡಿ ಕೊಳ್ಳುತ್ತಾರೆ, ಎರಡೇ ತಿಂಗಳಲ್ಲಿ ಅದರಲ್ಲಿನ ಒಂದೊಂದನ್ನೇ ಬದಲಿಸಲು ಮತ್ತೆ ಸಾಲ ಮಾಡುತ್ತಾರೆ. ಅಂಥ ಸೆಟ್ಟಿನ ಜೊತೆ ಕೆಲವೆಡೆ ಇಂದಿಗೂ ಬೈಕ್ರೋಮೇಟ್ ಪುಡಿಯನ್ನು ಎಮಲ್ಷನ್ನಿಗೆ ಬೆರೆಸಲು ಕೊಡುತ್ತಾರೆ. ಅದರಲ್ಲಿರುವ ಕ್ರೋಮಿಯಂ ಚರ್ಮಕ್ಕೂ ಶ್ವಾಸಕೋಶಕ್ಕೂ ಹಾನಿಕರ, ಕ್ಯಾನ್ಸರ್ ತರಬಲ್ಲಂಥದ್ದು. ಡಯಾಜೊ ಅಥವಾ ಫೋಟೋಪಾಲಿಮರ್ ಎಮಲ್ಷನ್ನುಗಳು ಸುಲಭವಾಗಿ ಸಿಗುವಾಗ ಅದನ್ನು ಕೈಯಿಂದ ಮುಟ್ಟುವ ಅಗತ್ಯವೇ ಇಲ್ಲ. ಡ್ರೈಯರಿನ ಹೊಗೆಯನ್ನೂ ದ್ರಾವಕಗಳ ವಾಸನೆಯನ್ನೂ ಹೊರಗೆಳೆಯುವ ಫ್ಯಾನು ಒಂದು ಟೀ ಶರ್ಟನ್ನೂ ಮುದ್ರಿಸಿಕೊಡುವುದಿಲ್ಲ, ಹಾಗಾಗಿ ಯಾವ ಸೆಟ್ಟಿನಲ್ಲೂ ಅದು ಬರುವುದಿಲ್ಲ. ದಿನವಿಡೀ ಆ ಕೋಣೆಯಲ್ಲಿ ನಿಲ್ಲುವ ಹುಡುಗ ಹುಡುಗಿಯರ ಉಸಿರಿಗೆ ಅದು ಬೇಕು. ಮೊದಲ ದಿನವೇ ಹಾಕಿಸಬೇಕಾದ ಉಪಕರಣ ಅದು.

ಕೈಬದಲಾದ ಉಪಕರಣಗಳನ್ನು ಕೊಳ್ಳುವವರಿಗೆ ಒಂದು ಮಾತು. ಕಬ್ಬಿಣದ ಯಂತ್ರದ ಸಂದುಗಳು ಬಿಗಿಯಾಗಿದ್ದರೆ ವಯಸ್ಸು ಅಡ್ಡಿಯಲ್ಲ, ಬಿಡಿಭಾಗಗಳು ಇನ್ನೂ ಸಿಗುತ್ತವೆಯೇ ಎಂದು ಕೇಳಿಕೊಂಡರೆ ಸಾಕು. ಡ್ರೈಯರನ್ನು ಮಾತ್ರ ಹಾಗೆ ನೋಡಿ ಕೊಳ್ಳಬಾರದು. ಅದನ್ನು ಪೂರ್ತಿ ಬಿಸಿಯಾಗುವವರೆಗೆ ಓಡಿಸಿ, ಬೆಲ್ಟಿನ ಎಡ, ಬಲ, ನಡು ಮೂರೂ ಕಡೆ ನಮ್ಮದೇ ಶಾಯಿಯ ಮುದ್ರಣವನ್ನು ಕಳಿಸಿ, ಆ ಮೂರನ್ನೂ ಹಲವು ಸಲ ಒಗೆದು ಎಳೆದು ನೋಡಿದ ಮೇಲಷ್ಟೇ ಹಣ ಕೊಡಬೇಕು.

ತಮ್ಮ ಪತ್ರಿಕೆ ಮುಂದೆ ಈ ವೃತ್ತಿಯ ಬಗ್ಗೆ ಬರೆಯುವಾಗ ಯಂತ್ರದ ಚಿತ್ರದ ಜೊತೆಗೆ ಡ್ರೈಯರಿನ, ಫ್ರೇಮಿನ, ಅಳತೆಯ ಸಾಧನಗಳ ವಿವರವನ್ನೂ ಕೊಡಬೇಕೆಂದು ಕೋರುತ್ತೇನೆ. ತರಬೇತಿ ಕೊಡುವವರು ತಮ್ಮ ಪಾಠದ ಒಂದು ದಿನವನ್ನಾದರೂ ಕ್ಯೂರಿಂಗ್, ಅಂದರೆ ಶಾಯಿಯನ್ನು ಪೂರ್ತಿಯಾಗಿ ಕಾಯಿಸುವ ಕೆಲಸಕ್ಕೂ ಒಗೆತದ ಪರೀಕ್ಷೆಗೂ ಮೀಸಲಿಡಲಿ. ಮಾರಾಟಗಾರರು ದರಪಟ್ಟಿಯಲ್ಲಿ ತೋಳುಗಳ ಸಂಖ್ಯೆಯ ಪಕ್ಕದಲ್ಲೇ ಡ್ರೈಯರಿನ ಬಿಸಿಗೂಡಿನ ಉದ್ದವನ್ನೂ ಗಂಟೆಗೆ ಅದು ಎಷ್ಟು ಬಟ್ಟೆಯನ್ನು ಪೂರ್ತಿಯಾಗಿ ಕಾಯಿಸಿ ಕೊಡಬಲ್ಲದು ಎಂಬುದನ್ನೂ ನಮೂದಿಸಲಿ.

ಇಂತು ತಮ್ಮ ವಿಶ್ವಾಸಿ,
ಸ್ಕ್ರೀನ್ ಮುದ್ರಣ ವೃತ್ತಿಯ ಓದುಗ