ಮೊದಲು ನಿನ್ನ ಕೀಲಿ ವಾಪಸ್ ಕೊಡು

ಚಿರಂಜೀವಿ ಪುಟ್ಟನಿಗೆ,

ದೊಡ್ಡಮ್ಮನ ಆಶೀರ್ವಾದಗಳು. ಸಿಸ್ಟಂ ಅಡ್ಮಿನ್ ಆಗಿ ಸೇರಿದ ಮೊದಲ ವಾರವೇ ಎಲ್ಲ ಸರ್ವರ್‌ಗಳ ರೂಟ್ ಪಾಸ್‌ವರ್ಡ್, ಅಂದರೆ ಏನು ಬೇಕಾದರೂ ಮಾಡಬಲ್ಲ ಅಕೌಂಟಿನ ಪಾಸ್‌ವರ್ಡ್, ಕೈಗೆ ಕೊಟ್ಟರು ಅಂತ ಫೋನಿನಲ್ಲಿ ಹೇಳಿದೆಯಲ್ಲ, ನಿನ್ನ ಮೇಲೆ ಅವರಿಗಿರುವ ನಂಬಿಕೆ ಕೇಳಿ ನನಗೂ ಖುಷಿಯಾಯಿತು. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಸಮಾಧಾನವಾಗಿ ಓದು.

ನಾನು ಕೆಲಸಕ್ಕೆ ಸೇರಿ ಆಗ ಆರು ವರ್ಷ. ಮೊದಲು ಸಪೋರ್ಟ್, ಆಮೇಲೆ ಟೆಸ್ಟಿಂಗ್, ಆಮೇಲೆ ಡೇಟಾಬೇಸ್ ತಂಡ, ಕೊನೆಗೆ ರಿಪೋರ್ಟ್ ತಯಾರಿಸುವ ತಂಡ. ತಂಡ ಬದಲಾದಾಗಲೆಲ್ಲ ಹೊಸ ಪರ್ಮಿಷನ್ ಬಂತು. ಹಳೆಯದನ್ನು ಯಾರೂ ತೆಗೆಯಲಿಲ್ಲ, ನಾನೂ ಕೇಳಲಿಲ್ಲ. ಒಂದು ಸಂಜೆ ಎರಡು ವಿಂಡೋ ತೆರೆದಿದ್ದವು, ನೋಡಲು ಎರಡೂ ಒಂದೇ ಥರ. ಟೆಸ್ಟ್ ಡೇಟಾಬೇಸ್ ಅಂದುಕೊಂಡು ನಿಜವಾದ ಡೇಟಾಬೇಸಿನ ಸಾಲುಗಳನ್ನು ಅಳಿಸಿಬಿಟ್ಟೆ. ರಿಪೋರ್ಟ್ ತೆಗೆಯುವವಳಿಗೆ ಓದುವ ಪರ್ಮಿಷನ್ ಸಾಕಿತ್ತು. ಅಷ್ಟೇ ಇದ್ದಿದ್ದರೆ ಸಿಸ್ಟಂ ನನ್ನನ್ನು ಅಲ್ಲೇ ತಡೆಯುತ್ತಿತ್ತು. ಬ್ಯಾಕಪ್ ಹಿಂದಿನ ರಾತ್ರಿಯದು. ಒಂದಿಡೀ ದಿನದ ಎಂಟ್ರಿಗಳನ್ನು ಜನ ಮತ್ತೆ ಕೂತು ಕೈಯಲ್ಲೇ ತುಂಬಿದರು. ಯಾರೂ ಬೈಯಲಿಲ್ಲ. ಅದೇ ಜಾಸ್ತಿ ನೋವಾಯಿತು.

ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರ ಇರಬೇಕು ಅನ್ನುವುದನ್ನು ಕಂಪ್ಯೂಟರ್ ವಿಜ್ಞಾನಿಗಳಾದ ಸಾಲ್ಟ್ಜರ್ ಮತ್ತು ಶ್ರೋಡರ್ 1975ರಲ್ಲೇ ಬರೆದಿಟ್ಟರು. ಅವರು ಹೇಳಿದ ಇನ್ನೊಂದು ಮಾತು ನನಗೆ ಅದಕ್ಕಿಂತ ಇಷ್ಟ. ಯಾರಿಗೆ ಬೇಡ ಅಂತ ಲೆಕ್ಕ ಹಾಕಬೇಡ. ಎಲ್ಲರಿಗೂ ಬಾಗಿಲು ಮುಚ್ಚಿಟ್ಟು, ಯಾರಿಗೆ ಬೇಕು ಅಂತ ಒಬ್ಬೊಬ್ಬರಿಗೇ ತೆರೆ. ಹೀಗೆ ಮಾಡುವಾಗ ನೀನು ತಪ್ಪಿದರೆ ಯಾರಿಗೋ ಕೆಲಸ ನಿಲ್ಲುತ್ತದೆ, ಅವರು ತಕ್ಷಣ ಬಂದು ಕೇಳುತ್ತಾರೆ, ನೀನು ಸರಿಪಡಿಸುತ್ತೀಯ. ಬಾಗಿಲು ತೆರೆದಿಟ್ಟು ತಪ್ಪಿದರೆ ಯಾರೂ ಬಂದು ದೂರುವುದಿಲ್ಲ. ಜಾಸ್ತಿ ಪರ್ಮಿಷನ್ ಇದೆ ಅಂತ ಯಾರು ದೂರಿನ ಟಿಕೆಟ್ ಹಾಕುತ್ತಾರೆ ಹೇಳು?

ಯಾರಿಗೆ ಏನು ಅಧಿಕಾರ ಅಂತ ತೀರ್ಮಾನಿಸಲು ಪರೀಕ್ಷೆಗೆ ನೀನು ಓದಿದ ಮಾದರಿಗಳನ್ನು ಇದೇ ಕಣ್ಣಿನಿಂದ ನೋಡು. ಫೈಲಿನ ಒಡೆಯನೇ ಯಾರು ಓದಬೇಕು, ಯಾರು ಬರೆಯಬೇಕು ಅಂತ ತೀರ್ಮಾನಿಸುವುದು ಒಂದು ಬಗೆ. ಯುನಿಕ್ಸ್‌ನಲ್ಲಿ ನೀನು ದಿನಾ ನೋಡುವುದು ಅದೇ. ಸುಲಭ ಹೌದು. ಆದರೆ ನೀನು ಓಡಿಸುವ ಪ್ರತಿ ಪ್ರೋಗ್ರಾಂಗೂ ನಿನ್ನಷ್ಟೇ ಅಧಿಕಾರ ಸಿಗುತ್ತದೆ, ಒಳಗೆ ಕಳ್ಳ ಕೋಡ್ ಇದ್ದರೆ ಅದಕ್ಕೂ ಸಿಗುತ್ತದೆ. ಇನ್ನು ಏನೋ ಓಡುತ್ತಿಲ್ಲ ಅಂತ ಅವಸರಕ್ಕೆ ಫೈಲಿಗೆ 777, ಅಂದರೆ ಎಲ್ಲರಿಗೂ ಎಲ್ಲ ಪರ್ಮಿಷನ್, ಹಾಕುವ ಅಭ್ಯಾಸ ನಿನಗೆ ಬರಲೇಬಾರದು. ಆ ಯಂತ್ರದಲ್ಲಿರುವ ಯಾರು ಬೇಕಾದರೂ ಆ ಫೈಲನ್ನು ಬದಲಾಯಿಸಬಹುದು ಅಂತ ನೀನೇ ಬರೆದುಕೊಟ್ಟ ಹಾಗೆ.

ಈ ಕಳ್ಳ ಕೋಡಿನ ಭಯಕ್ಕೆ ಉತ್ತರ ಬೆಲ್ ಮತ್ತು ಲಪಡುಲಾ 1973ರಲ್ಲಿ ರೂಪಿಸಿದ ಮಾದರಿಯಲ್ಲಿದೆ. ಅಮೆರಿಕದ ವಾಯುಪಡೆಗೋಸ್ಕರ ಮಾಡಿದ ಕೆಲಸ ಅದು. ಕಡತಗಳಿಗೂ ಜನರಿಗೂ ಗುಟ್ಟಿನ ಮಟ್ಟಗಳಿರುತ್ತವೆ, ಕೆಳಗಿನ ಮಟ್ಟದವರು ಮೇಲಿನ ಮಟ್ಟದ ಕಡತ ಓದಬಾರದು, ಇದು ಯಾರಿಗಾದರೂ ಹೊಳೆಯುತ್ತದೆ. ಮೇಲಿನವರು ಕೆಳಗಿನ ಕಡತದಲ್ಲಿ ಬರೆಯಬಾರದು ಅಂತಲೂ ಅದು ಹೇಳುತ್ತದೆ. ನಾನು ಇದನ್ನು ಬಹಳ ದಿನ ಅರ್ಥವಾಗದೆ ಬಾಯಿಪಾಠ ಮಾಡಿದ್ದೆ. ಗುಟ್ಟು ಓದಿದವನು ಒಳ್ಳೆಯವನೇ ಇರಬಹುದು, ಆದರೆ ಅವನ ಹೆಸರಿನಲ್ಲಿ ಓಡುವ ಪ್ರೋಗ್ರಾಂ ಆ ಗುಟ್ಟನ್ನು ಕೆಳಗೆ ಬರೆದುಬಿಡಬಹುದು. ಮನುಷ್ಯನನ್ನು ನಂಬಿದ ಮಾತ್ರಕ್ಕೆ ಅವನ ಪ್ರೋಗ್ರಾಂಗಳನ್ನು ನಂಬಲಾಗದು. ಆಮೇಲೆ ಬಿಬಾ ಅನ್ನುವವರು ಇದನ್ನೇ ತಿರುಗಿಸಿ, ಮಾಹಿತಿ ಕೆಡದಂತೆ ಕಾಯುವ ಮಾದರಿ ಮಾಡಿದರು. ಒಡೆಯನ ಇಷ್ಟಕ್ಕೆ ಬಿಡದೆ ಸಿಸ್ಟಮ್ಮೇ ನಿಯಮ ಹೇರುವ ಈ ದಾರಿ ಲಿನಕ್ಸ್‌ನಲ್ಲಿ ನಿನಗೆ ಎಸ್‌ಇಲಿನಕ್ಸ್ ಆಗಿ ಸಿಗುತ್ತದೆ. ಅದು ಏನನ್ನೋ ತಡೆದ ಕೂಡಲೇ ಆಫ್ ಮಾಡಬೇಡ ಮಗು. ನಡೆದದ್ದನ್ನೆಲ್ಲ ಸಿಸ್ಟಂ ಬರೆದಿಡುವ ಲಾಗ್ ಓದು. ಯಾಕೆ ತಡೆಯಿತು ಅಂತ ಅದರಲ್ಲೇ ಬರೆದಿರುತ್ತದೆ.

ಆಫೀಸಿನಲ್ಲಿ ನೀನು ಜಾಸ್ತಿ ನೋಡುವುದು ರೋಲ್‌ಗಳನ್ನು. 1992ರಲ್ಲಿ ಫೆರಯೊಲೊ ಮತ್ತು ಕುನ್ ಇದಕ್ಕೆ ಸರಿಯಾದ ಚೌಕಟ್ಟು ಕೊಟ್ಟರು. ಪರ್ಮಿಷನ್ ಹುದ್ದೆಗೆ ಸೇರಿದ್ದು, ಜನ ಹುದ್ದೆಗೆ ಬಂದು ಹೋಗುತ್ತಾರೆ. ಎಷ್ಟು ಚಂದದ ಯೋಚನೆ! ಬಿಲ್ ತಯಾರಿಸುವವರೇ ಅದನ್ನು ಮಂಜೂರು ಮಾಡಬಾರದು ಅನ್ನುವ ನಿಯಮವನ್ನೂ ಇದರಲ್ಲಿ ಕೂರಿಸಬಹುದು. ಆದರೂ ಹಳೆಯ ರೋಲ್ ತಾನಾಗಿ ಬಿಟ್ಟು ಹೋಗುವುದಿಲ್ಲ. ನನಗೆ ಆದದ್ದೂ ಇದೇ, ನಾಲ್ಕು ರೋಲ್ ಮೈಮೇಲಿತ್ತು. ಸಮಯ, ಜಾಗ, ಬಳಸುವ ಯಂತ್ರ ಎಲ್ಲ ನೋಡಿ ತೀರ್ಮಾನಿಸುವ ಹೊಸ ಮಾದರಿಗಳೂ ಇವೆ. ಒಳ್ಳೆಯವೇ. ಆದರೆ ನಿಯಮ ಜಾಸ್ತಿಯಾದಂತೆ ಈ ಫೈಲನ್ನು ಯಾರು ಯಾರು ನೋಡಬಹುದು ಅನ್ನುವ ಸರಳ ಪ್ರಶ್ನೆಗೇ ಉತ್ತರ ಸಿಗುವುದು ಕಷ್ಟವಾಗುತ್ತದೆ.

ಪರ್ಮಿಷನ್ ಒಂದನ್ನೇ ನಂಬಿಯೂ ಕೂರಬೇಡ. ತಡೆಯುವುದು, ಕಂಡುಹಿಡಿಯುವುದು, ಸರಿಪಡಿಸುವುದು, ಮೂರೂ ಬೇಕು. ನನ್ನ ವಿಷಯದಲ್ಲಿ ತಡೆ ಇರಲಿಲ್ಲ. ಲಾಗ್ ಇದ್ದದ್ದರಿಂದ ಏನಾಯಿತು ಅಂತ ತಿಳಿಯಿತು, ಬ್ಯಾಕಪ್ ಇದ್ದದ್ದರಿಂದ ಉಳಿದುಕೊಂಡೆವು. ಲಾಗನ್ನು ಬೇರೆ ಯಂತ್ರಕ್ಕೆ ಕಳಿಸುವ ಹಾಗೆ ಮಾಡು, ರೂಟ್ ಇದ್ದವರು ಅಲ್ಲಿರುವುದನ್ನೆಲ್ಲ ಅಳಿಸಬಲ್ಲರು ನೋಡು. ಬ್ಯಾಕಪ್ ತೆಗೆದರೆ ಸಾಲದು, ಆಗಾಗ ಅದರಿಂದ ವಾಪಸ್ ತಂದು ನೋಡು. ನಿಮ್ಮ ತಂಡದಲ್ಲಿ ಇಬ್ಬರೇ ಇದ್ದೀರಿ ಅಂದೆ. ಕೆಲಸ ಹಂಚಲು ಆಗದಿದ್ದರೆ ನಿಮ್ಮ ಲಾಗನ್ನು ತಂಡದ ಹೊರಗಿನ ಒಬ್ಬರು ವಾರಕ್ಕೊಮ್ಮೆ ನೋಡಲಿ.

ಈಗ ಆ ರೂಟ್ ಪಾಸ್‌ವರ್ಡ್ ವಿಷಯ. ಎಷ್ಟು ಜನರ ಬಳಿ ಅದಿದೆ? ನಾಳೆ ಏನಾದರೂ ಕೆಟ್ಟರೆ ಲಾಗ್‌ನಲ್ಲಿ ರೂಟ್ ಅಂತ ಮಾತ್ರ ಇರುತ್ತದೆ, ನೀನು ಮಾಡಿಲ್ಲ ಅಂತ ತೋರಿಸಲು ನಿನ್ನ ಬಳಿ ಏನೂ ಇರುವುದಿಲ್ಲ. ಅದನ್ನು ಬದಲಾಯಿಸಿ ಮುಚ್ಚಿದ ಲಕೋಟೆಯಲ್ಲಿಡಿ, ತುರ್ತಿಗೆ ಮಾತ್ರ ತೆಗೆಯಿರಿ ಅಂತ ನಿನ್ನ ಮ್ಯಾನೇಜರ್‌ಗೆ ಬರೆದು ಕೊಡು. ದಿನದ ಕೆಲಸಕ್ಕೆ ನಿನ್ನ ಹೆಸರಿನದೇ ಅಕೌಂಟ್ ಮತ್ತು ಬೇಕಾದ ಆಜ್ಞೆಗಷ್ಟೇ ರೂಟ್ ಅಧಿಕಾರ ಕೊಡುವ ಸುಡೊ ಸಾಕು. ಹೊಸಬ ಇಷ್ಟೆಲ್ಲ ಹೇಳುವುದಾ ಅಂತ ಸಂಕೋಚ ಆಗಬಹುದು. ಆದರೂ ಹೇಳು.

ಸೋಮವಾರ ಹೋದ ಕೂಡಲೇ ನಿನ್ನ ಹೆಸರಿಗೆ ಎಲ್ಲೆಲ್ಲಿ ಏನೇನು ಪರ್ಮಿಷನ್ ಇದೆ ಅಂತ ಪಟ್ಟಿ ತೆಗೆ. ಈ ತಿಂಗಳ ಕೆಲಸಕ್ಕೆ ಬೇಡದ್ದನ್ನು ಹೊಡೆದು ಹಾಕಿಸು. ಬೇರೆಯವರದಕ್ಕೆ ಕೈ ಹಾಕುವುದು ಆಮೇಲೆ. ಪಟ್ಟಿಯನ್ನು ನನಗೆ ಕಳಿಸಬೇಡ, ಅದು ನಾನು ನೋಡಬೇಕಾದದ್ದಲ್ಲ. ಎಷ್ಟು ಸಾಲು ಹೊಡೆದೆ ಅಂತ ಮಾತ್ರ ಬರೆ.

ಇತಿ,
ನಿನ್ನ ದೊಡ್ಡಮ್ಮ