ಬಾಳೆದಿಂಡು ಯಾಕೆ ಕೇಳಿದೆವು ಅಂದರೆ...

ಪ್ರಿಯ ಪೋಷಕರೇ,

ನಮಸ್ಕಾರ. ಶನಿವಾರ ಮಕ್ಕಳ ಕೈಲಿ ಒಂದೊಂದು ತುಂಡು ಬಾಳೆದಿಂಡು ಕಳಿಸಿ ಎಂದು ಡೈರಿಯಲ್ಲಿ ಬರೆಸಿದ್ದೆವು. "ಪಲ್ಯಕ್ಕಾ ಮೇಡಂ?" ಎಂದು ಗೇಟಿನ ಹತ್ತಿರ ನಾಲ್ಕೈದು ಜನ ಕೇಳಿದಿರಿ. ಪಲ್ಯಕ್ಕಲ್ಲ, ಅಚ್ಚುಯಂತ್ರ ಮಾಡೋಕೆ!

ಕೇರಳದಲ್ಲಿ ಕುರಿಯಾಕೋಸ್ ಏಲಿಯಾಸ್ ಚಾವರ ಎಂಬ ಕ್ಯಾಥೊಲಿಕ್ ಪಾದ್ರಿ ಇದ್ದರು. 1805ರಲ್ಲಿ ಕುಟ್ಟನಾಡಿನ ಕೈನಕರಿಯಲ್ಲಿ ಹುಟ್ಟಿದವರು. 1831ರಲ್ಲಿ ಕೋಟ್ಟಯಂ ಹತ್ತಿರದ ಮಾನ್ನಾನಂನಲ್ಲಿ ಇಬ್ಬರು ಹಿರಿಯ ಪಾದ್ರಿಗಳ ಜೊತೆ ಸೇರಿ ಒಂದು ಮಠ ಶುರುಮಾಡಿದರು. ನಮ್ಮ ಬೆಂಗಳೂರಿನ ಕ್ರೈಸ್ಟ್ ಯೂನಿವರ್ಸಿಟಿ ನಡೆಸುವವರು ಆ ಸಂನ್ಯಾಸಿ ಸಭೆಯವರೇ.

ಚಾವರ ಅವರಿಗೆ ಪುಸ್ತಕ ಅಚ್ಚು ಹಾಕಿಸುವ ಆಸೆ. ಯಂತ್ರ ಇಲ್ಲ. ತಿರುವನಂತಪುರಕ್ಕೆ ಹೋಗಿ ಸರ್ಕಾರಿ ಅಚ್ಚುಕೂಟ ನೋಡಿಕೊಂಡು ಬಂದರು. ಬಾಳೆದಿಂಡು ಕೊರೆದು ಅದರ ಮಾದರಿ ಮಾಡಿದರು. ಅದನ್ನು ಬಡಗಿಗೆ ತೋರಿಸಿ ಮರದ ಯಂತ್ರ ಮಾಡಿಸಿದರಂತೆ! 1846ರಲ್ಲಿ ಮಾನ್ನಾನಂನ ಅಚ್ಚುಕೂಟ ಕೆಲಸ ಶುರುಮಾಡಿತು. ಅಸೆಂಬ್ಲಿಯಲ್ಲಿ ಈ ಕತೆ ಹೇಳಿದ ಮೇಲೆ ಐದನೇ ಕ್ಲಾಸಿನವರು ನನ್ನನ್ನು ಬಿಡಲೇ ಇಲ್ಲ. ನಾವೂ ಮಾಡ್ತೀವಿ ಅಂತ ಒಂದೇ ಹಟ.

ಅಚ್ಚುಕೂಟ ಶುರುವಾದ ವರ್ಷವೇ ಚಾವರ ಮಾನ್ನಾನಂನಲ್ಲಿ ಸಂಸ್ಕೃತ ಶಾಲೆಯನ್ನೂ ತೆರೆದರು. ಮುಂದೆ 1860ರ ದಶಕದಲ್ಲಿ, ಪ್ರತಿ ಚರ್ಚಿನ ಜೊತೆ ಒಂದು ಶಾಲೆ ಇರಲೇಬೇಕು ಎಂದು ಕಟ್ಟಪ್ಪಣೆ ಹೊರಡಿಸಿದರು. ಆದರೆ ಹೊಟ್ಟೆಗಿಲ್ಲದ ಮಗು ಶಾಲೆಗೆ ಹೇಗೆ ಬಂದೀತು? ಅದಕ್ಕೆ ಅವರು ಕಂಡುಕೊಂಡ ದಾರಿ 'ಪಿಡಿಯರಿ', ಅಂದರೆ ಹಿಡಿ ಅಕ್ಕಿ. ಅನ್ನಕ್ಕಿಡುವ ಮುಂಚೆ ಪ್ರತಿ ಮನೆಯವರೂ ಒಂದು ಹಿಡಿ ತೆಗೆದಿಡಬೇಕು. ಆ ಅಕ್ಕಿಯಿಂದ ದಲಿತರ, ಬಡವರ ಮಕ್ಕಳಿಗೆ ಮಧ್ಯಾಹ್ನದ ಊಟ. ನಮ್ಮ ಬಿಸಿಯೂಟದ ಸಾಲಿನಲ್ಲಿ ನಿಂತಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

1868ರಲ್ಲಿ ತಮ್ಮ ಊರಿನ ಮನೆಯವರಿಗೆಲ್ಲ ಅವರು ಒಂದು ಉದ್ದನೆಯ ಪತ್ರ ಬರೆದರು. ಮಕ್ಕಳನ್ನು ಶಾಲೆಗೆ ಕಳಿಸಿ, ಅವರ ಓದು ಹೇಗಿದೆ, ಗೆಳೆಯರು ಯಾರು ಎಂದು ವಿಚಾರಿಸಿ ಎಂಬ ಮಾತು ಅದರಲ್ಲಿದೆ. ನಾವು ಜಾಸ್ತಿ ಕೇಳೋದು ಮಾರ್ಕ್ಸು, ಅಲ್ವಾ? ನನ್ನ ಮಗಳ ಹತ್ತಿರ ನಾನೂ ಅದನ್ನೇ ಕೇಳುತ್ತಿದ್ದೆ. ಈ ಭಾನುವಾರ ಮಾತ್ರ ಅಚ್ಚುಯಂತ್ರ ಹೇಗಾಯಿತು ಎಂದು ಮಗುವನ್ನು ಕೂರಿಸಿಕೊಂಡು ಕೇಳಿ.

ಚಾವರ 1871ರ ಜನವರಿ 3ರಂದು ಕೂನಮ್ಮಾವಿನಲ್ಲಿ ತೀರಿಕೊಂಡರು. 2014ರಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಸಾರಿದರು.

ದಿಂಡು ಒಂದು ಗೇಣುದ್ದ ಇದ್ದರೆ ಸಾಕು. ಕೊರೆಯುವ ಕೆಲಸ ಮೇಷ್ಟ್ರದ್ದು, ಮಕ್ಕಳ ಕೈಗೆ ಚಾಕು ಕೊಡುವುದಿಲ್ಲ. ಬಾಳೆಯ ಕಲೆ ಎಷ್ಟು ಒಗೆದರೂ ಹೋಗಲ್ಲ, ಅವತ್ತು ಯೂನಿಫಾರ್ಮ್ ಬೇಡ. ಹಳೇ ಬಟ್ಟೆ ಹಾಕಿ ಕಳಿಸಿ.

ಇಂತಿ,
ಮುಖ್ಯ ಶಿಕ್ಷಕಿ