ಇನ್ವರ್ನೆಸ್‌ನಿಂದ ಅಪ್ಪಯ್ಯನಿಗೆ

ಇನ್ವರ್ನೆಸ್, ಸ್ಕಾಟ್ಲೆಂಡ್
ಅಕ್ಟೋಬರ್ 18

ತೀರ್ಥರೂಪು ಅಪ್ಪಯ್ಯನವರಿಗೆ ಸಾಷ್ಟಾಂಗ ನಮಸ್ಕಾರಗಳು. ನಾವಿಬ್ಬರೂ ಕ್ಷೇಮ.

ನಿಮ್ಮ ಪತ್ರವೂ ಆಯಿಯ ಪತ್ರವೂ ಒಂದೇ ದಿನ ಕೈಸೇರಿದವು. ನೀವು ಎರಡು ಪುಟದುದ್ದಕ್ಕೂ ಇಲ್ಲಿನ ಜಿಂಕೆ, ಕುದುರೆಗಳ ವಿಚಾರವನ್ನೇ ಕೇಳಿದ್ದೀರಿ. ಕಡವೆ ಓಡಿಸಲೆಂದು ರಾತ್ರಿ ಟಾರ್ಚ್ ಹಿಡಿದು ತೋಟಕ್ಕೆ ಇಳಿದವರು ಕಾಲುಸಂಕದಿಂದ ಜಾರಿ ಬಿದ್ದದ್ದನ್ನು ನಾನು ಆಯಿಯ ಪತ್ರದಿಂದ ತಿಳಿಯಬೇಕಾಯಿತು. ಓದಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ.

ನೀವು ಕೇಳಿದ್ದನ್ನು ಮೊದಲು ಹೇಳುತ್ತೇನೆ. ಇಲ್ಲಿನ ಕೆಂಪು ಜಿಂಕೆ ನಮ್ಮ ಚುಕ್ಕೆ ಜಿಂಕೆಯಂತಲ್ಲ, ಮೈಕಟ್ಟಿನಲ್ಲಿ ಕಡವೆಗೇ ಹತ್ತಿರ. ವಸಂತದಲ್ಲಿ ಕೊಂಬು ಉದುರಿಸಿ, ಬೇಸಿಗೆ ಮುಗಿಯುವುದರೊಳಗೆ ಹೊಸದನ್ನು ಬೆಳೆಸಿಕೊಳ್ಳುತ್ತದೆ. ಈಗ ಅವುಗಳ ಬೆದೆಗಾಲ. ಗಂಡುಗಳು ಮೇವನ್ನೂ ಮರೆತು ಹಗಲಿರುಳು ಗುಟುರು ಹಾಕುತ್ತವೆ. ರಮ್ ಎಂಬ ದ್ವೀಪದಲ್ಲಿ 1953ರಿಂದ ಇವುಗಳ ಅಧ್ಯಯನ ನಡೆದಿದೆ. ಅಲ್ಲಿನ ಸಂಶೋಧಕರು ನಾವು ಕೊಟ್ಟಿಗೆಯ ದನಗಳನ್ನು ಬಲ್ಲಂತೆ ಒಂದೊಂದು ಜಿಂಕೆಯನ್ನೂ ಅದರ ತಾಯಿ, ಮರಿಗಳ ಸಮೇತ ಬಲ್ಲರು.

ಇವುಗಳನ್ನು ಗುಂಡಿಟ್ಟು ಕೊಲ್ಲುವುದು ನಿಮಗೆ ಹಿಡಿಸಲಾರದು, ನನಗೂ ಮೊದಮೊದಲು ಸಂಕಟವಾಗಿತ್ತು. ಆದರೆ ಇಲ್ಲಿ ತೋಳಗಳು ಅಳಿದು ಶತಮಾನಗಳೇ ಕಳೆದಿವೆ; ಹಿಡಿದು ತಿನ್ನುವ ಪ್ರಾಣಿಯಿಲ್ಲದೆ ಜಿಂಕೆಗಳು ಮಿತಿಮೀರಿ ಹೆಚ್ಚಿ, ಪೈನ್, ಬರ್ಚ್ ಸಸಿಗಳು ತಲೆ ಎತ್ತುವ ಮೊದಲೇ ಮೇಯ್ದುಬಿಡುತ್ತವೆ. ಅದಕ್ಕಾಗಿಯೇ ಅಕ್ಟೋಬರ್ 21ರಿಂದ ಫೆಬ್ರವರಿ 15ರವರೆಗೆ ಹೆಣ್ಣು ಜಿಂಕೆಗಳನ್ನು ಲೆಕ್ಕ ಹಾಕಿ ಹೊಡೆಯುತ್ತಾರೆ. ಇಲ್ಲಿನವರು ಕಾಡಿನ ಮೇಲಿನ ಕಾಳಜಿಯಿಂದಲೇ ಈ ಕೆಲಸ ಮಾಡುತ್ತಾರೆಂದು ನಾನೀಗ ನಂಬಿದ್ದೇನೆ.

ವಾಹನ ಹೋಗದ ಗುಡ್ಡಗಳಿಂದ ಆ ಜಿಂಕೆಗಳನ್ನು ಹೊತ್ತು ತರಲು ಕೆಲವೆಡೆ ಇಂದಿಗೂ ಹೈಲ್ಯಾಂಡ್ ಪೋನಿ ಎಂಬ ಗಿಡ್ಡ ಕುದುರೆಗಳೇ ಬೇಕು. ಇವಕ್ಕೆ ಒಡೆಯರಿದ್ದರೂ ಎಷ್ಟೋ ಹಿಂಡುಗಳು ಮಳೆ, ಹಿಮವೆನ್ನದೆ ವರ್ಷವಿಡೀ ಗುಡ್ಡದಲ್ಲೇ ಮೇಯುತ್ತವೆ. ಕಳೆದ ವಾರ ಅಂಥದ್ದೊಂದನ್ನು ಹತ್ತಿರದಿಂದ ನೋಡಿದೆ. ಮಣ್ಣಿನ ಬಣ್ಣದ ಮೈ, ಬೆನ್ನುದ್ದಕ್ಕೂ ಎಳೆದಂಥ ಒಂದು ಕಪ್ಪು ಗೆರೆ. ಜೌಗು ನೆಲದ ಅಂಚಿಗೆ ಬಂದು ನಿಂತು, ಮೂಗು ತಗ್ಗಿಸಿ ಮೂಸಿ, ಒಂದು ಕಾಲಿಟ್ಟು, ನೆಲ ಕುಸಿದೊಡನೆ ಹಿಂದೆಗೆದುಕೊಂಡು ಬೇರೆ ದಾರಿ ಹಿಡಿಯಿತು. ಆಗ ನನ್ನ ಕಣ್ಣಿಗೆ ಕಟ್ಟಿದ್ದು ಪಾಚಿಗಟ್ಟಿದ ನಮ್ಮ ಸಂಕ, ಅದರ ಮೇಲೆ ಪೊರೆ ಬಂದ ಕಣ್ಣಿನ ನೀವು.

ಅಪ್ಪಯ್ಯ, ಅಡಿಕೆ ಕೊನೆ ಕೊಯ್ಲು ಮುಗಿಯಲಿ, ಪೊರೆ ಬಲಿಯಲಿ ಎಂದು ಕಾಯಬೇಡಿ. ಪೊರೆ ಬಲಿಯುವವರೆಗೆ ಕಾಯುವುದು ಹಿಂದಿನ ಕಾಲದ ಮಾತು. ಈಗ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಸಾಮಾನ್ಯವಾಗಿ ಅದೇ ದಿನ ಮನೆಗೆ ಮರಳುತ್ತಾರೆ. ರಾಘುವಿನ ಖಾತೆಗೆ ಹಣ ಹಾಕಿದ್ದೇನೆ, ದಿನ ಗೊತ್ತುಮಾಡಲೂ ಹೇಳಿದ್ದೇನೆ. ಹಣಕ್ಕೆ ನನಗೆ ಯಾವ ತೊಂದರೆಯೂ ಇಲ್ಲ, ಖಂಡಿತ ಇಲ್ಲ. ಕಡವೆ ನಾಲ್ಕು ಅಡಿಕೆ ಸಸಿ ತಿಂದರೆ ತಿನ್ನಲಿ, ಮುಂದಿನ ಮಳೆಗಾಲಕ್ಕೆ ಬೇರೆ ನೆಡೋಣ.

ರಸ್ತೆಗೆ ಜಿಂಕೆ ಅಡ್ಡಬರುತ್ತವೆಂದು ಆಯಿ ಹೆದರುವುದು ಬೇಡ. ಕತ್ತಲಾದ ಮೇಲೆ ಇವರು ಕಾರು ತೆಗೆಯುವುದೇ ಇಲ್ಲ, ನಾನಂತೂ ಇಲ್ಲವೇ ಇಲ್ಲ. ನಾವು ಚೆನ್ನಾಗಿದ್ದೇವೆ, ಊಟ, ನಿದ್ದೆ, ಚಳಿಗೆ ಬಟ್ಟೆ ಎಲ್ಲವೂ ಸರಿಯಾಗಿದೆ.

ಅಂಚೆಯ ಹೊತ್ತಾಯಿತು. ಟಾರ್ಚ್ ಅನ್ನು ಇವತ್ತೇ ಆಯಿಯ ಕೈಗೆ ಕೊಡಿ.

ನಿಮ್ಮ ಮಗಳು,
ಸುಮಾ